ಹುಬ್ಬಿಗೆ ಪರ್ಮನೆಂಟ್ ಮೇಕಪ್ ಮಾಡಿಸೋ ಮುಂಚೆ ಲ್ಯಾಮಿನೇಷನ್ ಮಾಡಿಸಿ ನೋಡಬಹುದಾ?

ಕುಪ್ಪಳಿ ದಾರಿ:

ಎಲ್ಲರಿಗೂ ನಮಸ್ಕಾರ. ಹುಬ್ಬಿಗೆ ಪರ್ಮನೆಂಟ್ ಮೇಕಪ್ ಮಾಡಿಸೋ ಯೋಚನೆ ಇದೆ. ಮೈಕ್ರೋಬ್ಲೇಡಿಂಗೋ (ಸಣ್ಣ ಬ್ಲೇಡಿನಿಂದ ಕೂದಲೆಳೆಯಂಥ ಗೆರೆ ಹಾಕೋದು) ಪೌಡರ್ ಬ್ರೋನೋ (ಮೆಷಿನ್‌ನಿಂದ ಚುಕ್ಕಿಚುಕ್ಕಿಯಾಗಿ ಬಣ್ಣ ತುಂಬೋದು) ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಒಂದು ಸಲ ಚರ್ಮದೊಳಗೆ ಬಣ್ಣ ಹೋದ್ಮೇಲೆ ಬೇಡ ಅಂದ್ರೂ ವರ್ಷಗಟ್ಟಲೆ ಇರುತ್ತಲ್ಲ, ಅದಕ್ಕೇ ಮೊದಲು ಲ್ಯಾಮಿನೇಷನ್ (ಲೋಷನ್ ಹಚ್ಚಿ ಹುಬ್ಬಿನ ಕೂದಲನ್ನ ಬೇಕಾದ ದಿಕ್ಕಿಗೆ ಕೂರಿಸೋದು) ಮಾಡಿಸಿ, ದಟ್ಟ ಹುಬ್ಬು ಮುಖಕ್ಕೆ ಒಪ್ಪುತ್ತಾ ಅಂತ ನೋಡೋಣ ಅಂತಿದೀನಿ. ಊರು ತೀರ್ಥಹಳ್ಳಿ ಕಡೆ, ಮಾಡಿಸೋದು ಶಿವಮೊಗ್ಗದಲ್ಲಿ.

ಹುಬ್ಬಿನ ಮುಂಭಾಗದಲ್ಲಿ ಕೂದಲು ಚೆನ್ನಾಗಿದೆ, ಆದ್ರೆ ಕೆಳಕ್ಕೆ ಬಾಗಿದೆ. ಬಾಲದ ಕಡೆ ತೆಳು. ಹಣೆಯ ಚರ್ಮ ಎಣ್ಣೆಎಣ್ಣೆ. ತಲೆಗೆ ಪುಡಿ ಡೈ ಹಾಕಿದಾಗ ಕಿವಿ ಹಿಂದೆ ಕೆರೆತ ಬರೋದುಂಟು.

ಲ್ಯಾಮಿನೇಷನ್ ನೋಡಿ ಪರ್ಮನೆಂಟ್ ಹೇಗೆ ಕಾಣುತ್ತೆ ಅಂತ ಅಂದಾಜು ಮಾಡಬಹುದಾ? ಎರಡರ ಮಧ್ಯೆ ಎಷ್ಟು ದಿನ ಬಿಡಬೇಕು? ಪಾರ್ಲರ್‌ನಲ್ಲಿ ಏನೇನು ಗಮನಿಸಬೇಕು? ನವೆಂಬರ್‌ನಿಂದ ಮನೇಲಿ ಅಡಿಕೆ ಕೆಲಸ ಶುರು. ಅದರೊಳಗೆ ಎಲ್ಲಾ ಮುಗಿಯುತ್ತಾ?


ದಾರದ ಕೈ:

ಅರ್ಧ ಅಂದಾಜು ಸಿಗುತ್ತೆ, ಇನ್ನರ್ಧ ಸಿಗಲ್ಲ. ಲ್ಯಾಮಿನೇಷನ್ ನಡೆಯೋದು ಕೂದಲಿನ ಮೇಲೆ, ಪರ್ಮನೆಂಟ್ ಮೇಕಪ್ ಕೂರೋದು ಚರ್ಮದಲ್ಲಿ. ನಿಮ್ಮ ಹುಬ್ಬಿನ ಮುಂಭಾಗಕ್ಕೆ ಲ್ಯಾಮಿನೇಷನ್ ಹೇಳಿ ಮಾಡಿಸಿದ ಹಾಗಿರುತ್ತೆ. ಅಲ್ಲಿ ಕೂದಲಿದೆ, ದಿಕ್ಕು ಮಾತ್ರ ತಪ್ಪಿದೆ. ಬಾಲದಲ್ಲಿ ಕೂದಲೇ ಕಡಿಮೆ ಇದ್ದರೆ ಅದರಿಂದ ಉಪಯೋಗ ಇಲ್ಲ. ಇರೋ ನಾಲ್ಕು ಕೂದಲು ಮೇಲಕ್ಕೆ ನಿಂತು, ನಡುವಿನ ಖಾಲಿ ಜಾಗ ಇನ್ನೂ ಎದ್ದು ಕಾಣುತ್ತೆ. ಬಾಲದ ಕೂದಲನ್ನ ಮೇಲಕ್ಕೆ ಬಾಚದೆ ಅಡ್ಡಕ್ಕೇ ಮಲಗಿಸಿ ಅಂತ ಕೂರೋ ಮುಂಚೆ ಹೇಳಿಬಿಡಿ.

ಒಳಗೆ ನಡೆಯೋದು ಇಷ್ಟು. ಮೊದಲನೇ ಲೋಷನ್‌ನಲ್ಲಿ ಥಯೋಗ್ಲೈಕೊಲೇಟ್ ಅಥವಾ ಸಿಸ್ಟಿಯಮಿನ್ ಇರುತ್ತೆ. ಕೂದಲನ್ನ ಗಟ್ಟಿಯಾಗಿ ಹಿಡಿದಿರೋ ಡೈಸಲ್ಫೈಡ್ ಬಂಧಗಳನ್ನ ಅದು ಬಿಡಿಸುತ್ತೆ, ಕೂದಲು ಮೆತ್ತಗಾಗಿ ಬಾಚಿದ ಕಡೆ ಬಾಗುತ್ತೆ. ಎರಡನೇ ಲೋಷನ್‌ನಲ್ಲಿರೋ ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಸೋಡಿಯಂ ಬ್ರೋಮೇಟ್ ಆ ಬಂಧಗಳನ್ನ ಹೊಸ ದಿಕ್ಕಲ್ಲೇ ಮತ್ತೆ ಕಟ್ಟುತ್ತೆ. ಮೂರನೇದು ಬರೀ ಎಣ್ಣೆ, ಕೆರಟಿನ್, ಆರೈಕೆಗೆ. ರೋಮ ತೆಗೆಯೋ ಕ್ರೀಮಿನಲ್ಲೂ ಇದೇ ಥಯೋಗ್ಲೈಕೊಲೇಟ್ ಇರುತ್ತೆ. ಅಲ್ಲಿ ಪಿಎಚ್ 12ರ ಹತ್ತಿರ ಇರೋದ್ರಿಂದ ಕೂದಲು ಕರಗಿಯೇ ಹೋಗುತ್ತೆ, ಇಲ್ಲಿ ಪಿಎಚ್ ಕಡಿಮೆ ಇಟ್ಟಿರ್ತಾರೆ. ಹಾಗಂತ ಗಡಿಯಾರ ಮರೆತರೆ ಇಲ್ಲೂ ಕೂದಲು ಉಳಿಯಲ್ಲ. ಕೊಳೆತ ಮೊಟ್ಟೆ ಥರದ ವಾಸನೆ ಬರುತ್ತೆ, ಅದು ಸಹಜ, ಗಾಬರಿ ಬೇಡ.

ಕೆಲಸದ ಕ್ರಮ ಹೀಗಿರಬೇಕು. ಹುಬ್ಬಿನ ಎಣ್ಣೆ ಅಂಶ ಪೂರ್ತಿ ತೆಗೀಬೇಕು, ಇಲ್ಲಾಂದ್ರೆ ಲೋಷನ್ ಸಮನಾಗಿ ಹಿಡಿಯಲ್ಲ. ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೋಗಬೇಡಿ. ಕೂದಲು ಬಾಚಿ ಅಂಟಿನಿಂದ ತೆಳ್ಳಗೆ ಕೂರಿಸಿ, ಮೊದಲನೇ ಲೋಷನನ್ನ ಬುಡದಿಂದ ಮುಕ್ಕಾಲು ಭಾಗದವರೆಗೆ ಹಚ್ಚಬೇಕು. ತುದಿ ತೆಳ್ಳಗಿರುತ್ತೆ, ಬೇಗ ಸುಡುತ್ತೆ, ಅದಕ್ಕೆ ಬಿಡೋದು. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ. ತೆಳು ಕೂದಲಿಗೆ 5–6 ನಿಮಿಷ, ದಪ್ಪ ಕೂದಲಿಗೆ 8–10. ಕಿಟ್‌ನ ಮೇಲೆ ಬೇರೆ ಬರೆದಿದ್ರೆ ಅದೇ ಅಂತಿಮ. ಏಪ್ರಿಲ್‌ನ ಶಿವಮೊಗ್ಗದ ಸೆಕೆಗೆ ಲೋಷನ್ ಬೇಗ ಕೆಲಸ ಮಾಡುತ್ತೆ, ಮಳೆಗಾಲದ ಥಂಡಿಗೆ ನಿಧಾನ.

ಕೈ ಪಳಗಿದವರು ಗಡಿಯಾರ ಒಂದನ್ನೇ ನಂಬಲ್ಲ. ನಾಲ್ಕನೇ ನಿಮಿಷಕ್ಕೆ ಹಾಳೆ ಎತ್ತಿ, ಒಂದು ಕೂದಲಿನ ಮೇಲಿನ ಲೋಷನ್ ಒರೆಸಿ, ಸಣ್ಣ ಬ್ರಷ್‌ನಿಂದ ಅದನ್ನ ಹಿಂದಕ್ಕೆ ಬಾಗಿಸಿ ಬಿಡ್ತಾರೆ. ಸ್ಪ್ರಿಂಗ್ ಥರ ವಾಪಸ್ ಬಂದ್ರೆ ಇನ್ನೂ ಆಗಿಲ್ಲ. ಬಾಗಿಸಿದಲ್ಲೇ ನಿಂತ್ರೆ ತಕ್ಷಣ ತೆಗೀಬೇಕು. ರಬ್ಬರ್ ಥರ ಎಳೆದಷ್ಟು ಉದ್ದ ಆಗ್ತಿದ್ರೆ ಸಮಯ ಮೀರಿದೆ ಅಂತ ಅರ್ಥ. ಅಂಥ ಕೂದಲು ಒಣಗಿದ ಮೇಲೆ ಸುಕ್ಕುಸುಕ್ಕಾಗಿ, ಸುಟ್ಟ ನಾರಿನ ಹಾಗೆ ಎಲ್ಲಾ ಕಡೆ ತಿರುಗುತ್ತೆ. ಇನ್ನೊಂದು ಸಲ ಲ್ಯಾಮಿನೇಷನ್ ಮಾಡಿ ಅದನ್ನ ಸರಿ ಮಾಡ್ತೀವಿ ಅಂದ್ರೆ ಒಪ್ಪಬೇಡಿ. ಬುಡದಿಂದ ಹೊಸ ಕೂದಲು ಬರೋವರೆಗೆ ಕಾಯೋದೇ ದಾರಿ.

ಒಣ ಹತ್ತಿಯಲ್ಲಿ ಒರೆಸಿ ಎರಡನೇ ಲೋಷನ್, ಅಷ್ಟೇ ಹೊತ್ತು. ಎರಡನೇದನ್ನ ಅವಸರದಲ್ಲಿ ಅರ್ಧಕ್ಕೆ ತೆಗೆದ್ರೆ ಮೂರೇ ದಿನಕ್ಕೆ ಕೂದಲು ಮತ್ತೆ ಕೆಳಗೆ ಬೀಳುತ್ತೆ. "ನನ್ನ ಹುಬ್ಬಿಗೆ ಹಿಡೀಲೇ ಇಲ್ಲ" ಅನ್ನೋ ದೂರುಗಳಲ್ಲಿ ಬಹಳಷ್ಟಕ್ಕೆ ಇದೇ ಕಾರಣ. ಒಡೆದಿಟ್ಟ ಹಳೇ ಸ್ಯಾಶೆ ಇನ್ನೊಂದು ಕಾರಣ, ಗಾಳಿ ತಾಗಿದ ಲೋಷನ್‌ಗೆ ಬಲ ಇರಲ್ಲ. ಎದುರಿಗೇ ಒಡೆಯಿರಿ ಅಂತ ಕೇಳೋದರಲ್ಲಿ ತಪ್ಪಿಲ್ಲ. ಇದಾದ ಮೇಲೆ ಟಿಂಟ್ (ಹುಬ್ಬಿನ ಕೂದಲಿಗೆ ಹಾಕೋ ಡೈ) ಬೇಕಿದ್ರೆ ಹಾಕಿಸಬಹುದು, ಬಣ್ಣದ ಅಂದಾಜೂ ಸಿಗುತ್ತೆ.

ಥ್ರೆಡಿಂಗ್ ಅದೇ ದಿನ ಬೇಡ, ಎರಡು ಮೂರು ದಿನ ಮೊದಲೇ ಮುಗಿಸಿ. ಆಮೇಲೆ 24 ಗಂಟೆ ನೀರು, ಆವಿ, ಬೆವರು, ಮೇಕಪ್ ಯಾವುದೂ ತಾಗಬಾರದು. ಬಚ್ಚಲ ಹಂಡೆಯ ಆವಿಯೂ ಲೆಕ್ಕಕ್ಕೆ ಬರುತ್ತೆ, ಸ್ನಾನ ಮುಗಿಸಿಕೊಂಡೇ ಪಾರ್ಲರ್‌ಗೆ ಹೋಗಿ. ರಾತ್ರಿ ಬೋರಲು ಮಲಗಬೇಡಿ. ಸ್ಕೂಟರ್‌ನಲ್ಲಿ ಬಂದಿದ್ರೆ ಹೆಲ್ಮೆಟ್ ಬಿಗಿ ಹುಬ್ಬಿನ ಮೇಲೇ ಕೂರುತ್ತೆ, ವಾಪಸ್ ಬಸ್ಸಲ್ಲಿ ಹೋಗೋದು ಒಳ್ಳೇದು. ಸಾಮಾನ್ಯವಾಗಿ ಆರು ವಾರ ನಿಲ್ಲುತ್ತೆ, ಕೆಲವರಿಗೆ ಎಂಟು.


ಸೂಜಿಮೊನೆ:

ದಾರದ ಕೈ ಅವರು ಹೇಳಿದ್ದಕ್ಕೆ ಒಂದು ಮುಖ್ಯ ಮಾತು ಸೇರಿಸಬೇಕು. ಲ್ಯಾಮಿನೇಷನ್ ಆದ ಹುಬ್ಬಿನ ಆಕಾರದ ಮೇಲೆ ಪರ್ಮನೆಂಟ್ ಗೆರೆ ಹಾಕಿಸಬೇಡಿ. ಕೂದಲು ಮೇಲೆದ್ದಾಗ ಹುಬ್ಬಿನ ಮೇಲಂಚು ಎರಡು ಮೂರು ಮಿಲಿಮೀಟರ್ ಎತ್ತರಕ್ಕೆ ಹೋಗುತ್ತೆ. ಆ ಅಂಚಿಗೆ ಬಣ್ಣ ತುಂಬಿಸಿದ್ರೆ, ಆರು ವಾರಕ್ಕೆ ಕೂದಲು ಕೆಳಗಿಳಿದ ಮೇಲೆ ಬಣ್ಣದ ಪಟ್ಟಿ ಒಂದು ಕಡೆ, ಕೂದಲು ಇನ್ನೊಂದು ಕಡೆ. ತೆಗೆಸೋಕೆ ಲೇಸರ್ ಬೇಕಾಗುತ್ತೆ. ಐರನ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಇರೋ ಬಣ್ಣ ಲೇಸರ್ ಬಿದ್ದಾಗ ಇನ್ನೂ ಕಪ್ಪಾಗೋದೂ ಉಂಟು. ಹಾಗಾಗಿ ಅಳತೆ ಯಾವಾಗಲೂ ಕೂದಲು ತನ್ನ ದಿಕ್ಕಿಗೆ ಮರಳಿದ ಮೇಲೆಯೇ. ವಾರ ಎಣಿಸೋದಕ್ಕಿಂತ ಕನ್ನಡಿ ನೋಡಿ. ಲೆಕ್ಕವೇ ಬೇಕು ಅಂದ್ರೆ ಆರು ವಾರಕ್ಕೆ ಕಡಿಮೆ ಬೇಡ. ಪರ್ಮನೆಂಟ್ ಮಾಡಿಸಿದ ಮೇಲೆ ಮತ್ತೆ ಲ್ಯಾಮಿನೇಷನ್ ಬೇಕಿದ್ರೂ, ಟಚಪ್ (ಕೆಲವು ವಾರ ಬಿಟ್ಟು ಇನ್ನೊಮ್ಮೆ ಬಣ್ಣ ತುಂಬೋದು) ಮುಗಿದು ಚರ್ಮ ಪೂರ್ತಿ ಮಾಗಿದ ಮೇಲೆ, ಅಂದ್ರೆ ಮತ್ತೆ ಆರರಿಂದ ಎಂಟು ವಾರ.

ನಿಮಗೆ ಬೇಕಾಗಿರೋ ನಿಜವಾದ ಪರೀಕ್ಷೆ ಪೆನ್ಸಿಲ್‌ನಲ್ಲಿದೆ. ಲ್ಯಾಮಿನೇಷನ್ ಇಳಿದ ಮೇಲೆ ಎರಡು ವಾರ ದಿನಾ ಒಂದೇ ಅಳತೆಗೆ ಹುಬ್ಬು ತಿದ್ದಿ. ಮೂಗಿನ ಹೊಳ್ಳೆಯ ಅಂಚಿಂದ ದಾರ ನೆಟ್ಟಗೆ ಮೇಲಕ್ಕೆ ಹಿಡಿದ್ರೆ ಹುಬ್ಬು ಶುರುವಾಗೋ ಜಾಗ. ಅದೇ ಅಂಚಿಂದ ಕಣ್ಣಿನ ಹೊರಮೂಲೆ ಹಾದು ಹೋದ್ರೆ ಬಾಲ ಮುಗಿಯೋ ಜಾಗ. ನೇರ ನೋಡ್ತಾ ಕಣ್ಣಪಾಪೆಯ ಹೊರ ಅಂಚನ್ನ ಹಾದು ಹೋದ್ರೆ ಕಮಾನಿನ ಎತ್ತರ. ಮೂರು ಚುಕ್ಕಿ ಇಟ್ಟು ನಡುವೆ ತುಂಬಿ. ಅಂಗಳದ ಬೆಳಕಲ್ಲಿ, ಹುಬ್ಬು ಏರಿಸದೆ, ನೇರ ಎದುರಿಂದ ಫೋಟೋ ತೆಗೀರಿ. ಹತ್ತನೇ ದಿನವೂ ಅದೇ ಆಕಾರ ಇಷ್ಟ ಆದ್ರೆ ಆ ಫೋಟೋ ತಗೊಂಡು ಹೋಗಿ ತೋರಿಸಿ.

ಎಣ್ಣೆ ಚರ್ಮಕ್ಕೆ ಮೈಕ್ರೋಬ್ಲೇಡಿಂಗ್ ನನ್ನ ಪ್ರಕಾರ ಬೇಡ. ಕೂದಲೆಳೆಯಂಥ ಗೆರೆಗಳು ಎಣ್ಣೆ ಚರ್ಮದಲ್ಲಿ ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತೆ, ವರ್ಷದೊಳಗೆ ಮಸಿ ಒರೆಸಿದ ಹಾಗೆ ಕಾಣೋ ಸಾಧ್ಯತೆ ಹೆಚ್ಚು. ಮೆಷಿನ್‌ನಿಂದ ಚುಕ್ಕಿಚುಕ್ಕಿಯಾಗಿ ಹಾಕೋ ಪೌಡರ್ ಬ್ರೋ ಹರಡಿದ್ರೂ ನೆರಳಾಗಿಯೇ ಉಳಿಯುತ್ತೆ. ನಿಮಗೆ ಮುಂಭಾಗ ಬಿಟ್ಟು ಬಾಲಕ್ಕೆ ಮಾತ್ರ ಹಾಕಿಸಿದ್ರೂ ಸಾಕಾಗಬಹುದು. ಪೂರ್ತಿ ಹುಬ್ಬಿಗೇ ಹಾಕಿಸಿಕೊಳ್ಳಿ ಅಂತ ಒತ್ತಾಯ ಮಾಡೋರ ಹತ್ತಿರ ಯಾಕೆ ಅಂತ ಕೇಳಿ.

ಬಣ್ಣ ಕೂರಬೇಕಾಗಿರೋದು ಒಳಚರ್ಮದ ತೀರಾ ಮೇಲ್ಪದರದಲ್ಲಿ. ಆಳಕ್ಕೆ ಹೋದ್ರೆ ರಕ್ತ ಜಾಸ್ತಿ ಬರುತ್ತೆ, ಬಣ್ಣ ನೀಲಿ ಬೂದಿಗೆ ತಿರುಗುತ್ತೆ. ಮೇಲೇ ನಿಂತ್ರೆ ಹಕ್ಕಳೆಯ ಜೊತೆ ಉದುರಿ ಹೋಗುತ್ತೆ. ಮೊದಲ ವಾರ ಕಡುಕಪ್ಪಾಗಿ ಕಂಡು ಆಮೇಲೆ ಮೂರನೇ ಒಂದು ಭಾಗ ಇಳಿಯೋದು ಸಾಮಾನ್ಯ, ಹಾಗಾಗಿ ಮೊದಲ ದಿನವೇ ತೀರ್ಪು ಕೊಡಬೇಡಿ. ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೀಬೇಕು, ಮೇಲೆ ಅವಧಿ ಮುಗಿಯೋ ದಿನಾಂಕ ಇರಬೇಕು. ಬಣ್ಣದ ಬಟ್ಟಲೂ ಹೊಸದೇ ಆಗಬೇಕು. ಉಳಿದ ಬಣ್ಣವನ್ನ ವಾಪಸ್ ಬಾಟಲಿಗೆ ಸುರಿಯೋದು ಕಂಡ್ರೆ ಎದ್ದು ಬನ್ನಿ.


ಸಾಗರದ ಸಿಸ್ಟರ್:

ಇಬ್ಬರೂ ಚೆನ್ನಾಗಿ ಬರೆದಿದ್ದಾರೆ, ಆದರೆ ಟಿಂಟ್ ವಿಷಯದಲ್ಲಿ ನನ್ನದು ಸ್ಪಷ್ಟ ವಿರೋಧ. ಪುಡಿ ಡೈ ಹಾಕಿದಾಗ ಕಿವಿ ಹಿಂದೆ ಕೆರೆತ ಬರುತ್ತೆ ಅಂತ ಪ್ರಶ್ನೆಯಲ್ಲೇ ಇದೆ. ಡೈಗಳಲ್ಲಿರುವ ಪಿಪಿಡಿ, ಅಂದರೆ ಪ್ಯಾರಾಫಿನೈಲೀನ್ ಡೈಅಮೀನ್, ಅಲರ್ಜಿಯ ಗುರುತು ಅದೇ ಥರ ಇರುತ್ತೆ. ಹುಬ್ಬಿನ ಟಿಂಟ್‌ಗಳಲ್ಲೂ ಬಹಳಷ್ಟರಲ್ಲಿ ಪಿಪಿಡಿ ಅಥವಾ ಅದರ ಬಳಗದ್ದೇ ಇರುತ್ತೆ. ಒಮ್ಮೆ ಅಲರ್ಜಿ ಕೂತವರಿಗೆ ಮುಂದಿನ ಸಲ ಬರೀ ಕೆರೆತಕ್ಕೆ ನಿಲ್ಲೋದಿಲ್ಲ, ಕಣ್ಣಿನ ರೆಪ್ಪೆ ಊದಿ ಮುಚ್ಚಿಹೋಗಬಹುದು. ಕಪ್ಪು ಮೆಹಂದಿಯೂ ಬೇಡ. ಬಣ್ಣದ ಅಂದಾಜಿಗೆ ಪೆನ್ಸಿಲ್ ಸಾಕು.

ಪಾರ್ಲರ್‌ನಲ್ಲಿ ಮೊಣಕೈ ಒಳಮಡಿಕೆಯಲ್ಲಿ ಚುಕ್ಕಿ ಇಟ್ಟು ನೋಡೋದು ಲ್ಯಾಮಿನೇಷನ್ ಲೋಷನ್‌ಗೆ ಸರಿ. ಮೊದಲನೇದು, ಎರಡನೇದು ಬೇರೆಬೇರೆಯಾಗಿ, ಅಕ್ಕಿ ಕಾಳಿನಷ್ಟು, 48 ಗಂಟೆ ಮೊದಲು. ಪಿಪಿಡಿಗೆ ಮಾತ್ರ ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನಕ್ಕೆ ತೆಗೆದು ನೋಡ್ತಾರೆ, ಆಮೇಲೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡ್ತಾರೆ. ಅಷ್ಟು ದಿನ ಬೆನ್ನು ನೆನೆಯಬಾರದು. ಪರ್ಮನೆಂಟ್ ಮಾಡುವವರಿಗೂ ಇದನ್ನು ಹೇಳಲೇಬೇಕು. ಪಿಪಿಡಿ ಅಲರ್ಜಿ ಇರುವ ಕೆಲವರಿಗೆ ಬೆಂಜೊಕೇನ್ ಇರುವ ಮರಗಟ್ಟಿಸುವ ಕ್ರೀಮ್ ಕೂಡ ಆಗುವುದಿಲ್ಲ. ಲಿಡೊಕೇನ್ ಆ ಗುಂಪಿನದ್ದಲ್ಲ.

ಬಾಲದ ಕಡೆ ಮಾತ್ರ ತೆಳು ಅಂದಿರಿ. ಇದು ಇತ್ತೀಚೆಗೆ ಆದದ್ದಾದರೆ ಬಣ್ಣ ಹಾಕಿಸೋ ಮೊದಲು ಥೈರಾಯ್ಡ್ ನೋಡುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಡಿಮೆ ಕೆಲಸ ಮಾಡಿದಾಗ ಹುಬ್ಬಿನ ಹೊರಗಿನ ಮೂರನೇ ಒಂದು ಭಾಗ ಉದುರೋದು ಗೊತ್ತಿರುವ ಲಕ್ಷಣ. ನಾಣ್ಯದ ಹಾಗೆ ದುಂಡಗೆ ಖಾಲಿಯಾಗಿದ್ದರೆ, ಅಥವಾ ಆ ಜಾಗದಲ್ಲಿ ಮುಟ್ಟಿದ್ದು ಗೊತ್ತಾಗದೇ ಇದ್ದರೆ, ತಡ ಮಾಡದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ತೋರಿಸಿ. ವರ್ಷಗಟ್ಟಲೆ ಥ್ರೆಡಿಂಗ್ ಮಾಡಿಸಿ ತೆಳುವಾಗಿದ್ದರೆ ಅದು ಬೇರೆ ವಿಷಯ.

ಬೆಳ್ಳಗಾಗೋ ಕ್ರೀಮ್ ಏನಾದರೂ ಹಚ್ಚುತ್ತಿದ್ದರೆ ಟ್ಯೂಬಿನ ಹಿಂದೆ ಓದಿ ನೋಡಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸೋಲ್ ಇವೆಲ್ಲ ಸ್ಟೀರಾಯ್ಡ್. ಅದರಿಂದ ತೆಳುವಾದ ಚರ್ಮದ ಮೇಲೆ ಲ್ಯಾಮಿನೇಷನ್ ಲೋಷನ್ ಸುಟ್ಟ ಗಾಯವನ್ನೇ ಮಾಡಬಹುದು. ಮೊಡವೆಗೆ ಟ್ರೆಟಿನಾಯಿನ್, ಅಡಾಪಲೀನ್ ಕ್ರೀಮ್ ಹಚ್ಚುವವರು ಕನಿಷ್ಠ ಒಂದು ವಾರ ನಿಲ್ಲಿಸಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೊಂಡವರಿಗೆ ಪರ್ಮನೆಂಟ್ ಮೇಕಪ್‌ಗೆ ಸಾಮಾನ್ಯವಾಗಿ 6 ತಿಂಗಳು ಕಾಯಿಸ್ತಾರೆ. ಬಸುರಿಯರು, ಗಾಯ ಆದಲ್ಲಿ ಗಂಟು ಕಟ್ಟುವ ಚರ್ಮದವರು, ಬಿಳಿಮಚ್ಚೆ ಇರುವವರು ಸೂಜಿ ಮುಟ್ಟಿಸೋ ಮೊದಲು ಡಾಕ್ಟರನ್ನು ಕೇಳಬೇಕು. ರಕ್ತದಾನ ಮಾಡುವವರಾದರೆ ಹಚ್ಚೆಯ ಹಾಗೇ ಇದಕ್ಕೂ 12 ತಿಂಗಳು ಬಿಡಬೇಕು.


ಕುಪ್ಪಳಿ ದಾರಿ:

ತುಂಬಾ ಧನ್ಯವಾದ ಎಲ್ಲರಿಗೂ. ಟಿಂಟ್ ಬಿಟ್ಟೆ, ಟಿಎಸ್‌ಎಚ್ ಮೊದಲು. ದಿನಗಳ ಲೆಕ್ಕ ಮಾತ್ರ ಇನ್ನೂ ಗೊಂದಲ. ಮಳೆಗಾಲದಲ್ಲಿ ಮಾಡಿಸಿದ್ರೆ ಗಾಯ ಮಾಗುತ್ತಾ?


ಸೂಜಿಮೊನೆ:

ಲ್ಯಾಮಿನೇಷನ್‌ಗೆ ಮಳೆಗಾಲ ಅಡ್ಡಿಯಿಲ್ಲ, ಮೊದಲ 24 ಗಂಟೆ ನೆನೆಯದಿದ್ರೆ ಸಾಕು. ಆಷಾಢದಲ್ಲೇ ಮಾಡಿಸಿ, ಮದುವೆ ಗಿರಾಕಿಗಳು ಇಲ್ಲದ ಕಾರಣ ಪಾರ್ಲರ್‌ನಲ್ಲಿ ಸಾವಧಾನವಾಗಿ ಕೂತು ಕೆಲಸ ಮಾಡ್ತಾರೆ. ಜುಲೈ ಮಧ್ಯಕ್ಕೆ ಮಾಡಿಸಿದ್ರೆ ಆಗಸ್ಟ್ ಕೊನೆಗೆ ಇಳಿದಿರುತ್ತೆ. ಸೆಪ್ಟೆಂಬರ್ ಮೊದಲ ಎರಡು ವಾರ ಪೆನ್ಸಿಲ್ ಪರೀಕ್ಷೆ. ಮಳೆ ಹಿಡಿತ ಬಿಟ್ಟ ಮೇಲೆ, ಸೆಪ್ಟೆಂಬರ್ ಮೂರನೇ ವಾರ ಪರ್ಮನೆಂಟ್. ಆರು ವಾರಕ್ಕೆ ಟಚಪ್, ಅಂದ್ರೆ ನವೆಂಬರ್ ಮೊದಲ ವಾರ.

ಸೂಜಿ ಹಾಕಿಸಿದ ಮೇಲೆ ಪ್ರತಿ ಸಲವೂ 10ರಿಂದ 14 ದಿನ ಬೇಕು. ಕೊಟ್ಟ ಮುಲಾಮು ಅಕ್ಕಿ ಕಾಳಿನಷ್ಟು ತೆಳ್ಳಗೆ, ಹಕ್ಕಳೆ ಕೀಳಬಾರದು, ಮುಖ ತೊಳೆಯೋವಾಗ ಹುಬ್ಬು ಬಿಟ್ಟು ತೊಳೀಬೇಕು. ಅಡಿಕೆ ಬೇಯಿಸೋ ಹಂಡೆಯ ಮುಂದೆ ಚೊಗರಿನ ಆವಿ, ಒಲೆಯ ಹೊಗೆ, ಬೆವರು ಮೂರೂ ಒಟ್ಟಿಗೆ ಬರುತ್ತೆ. ಆ ಎರಡು ವಾರ ಹಂಡೆ ಹತ್ತಿರದ ಕೆಲಸ ಬೇರೆಯವರು ನೋಡ್ಕೊಳ್ಳಲಿ, ನೀವು ಸುಲಿಯೋಕೆ ಕೂತ್ಕೊಳ್ಳಿ. ಸುಲಿದ ಕೈಯಲ್ಲಿ ಹುಬ್ಬು ಮುಟ್ಟಬೇಡಿ. ಅದಕ್ಕೂ ಆಗಲ್ಲ ಅಂದ್ರೆ ಟಚಪ್ಪನ್ನ ಎಂಟನೇ ವಾರಕ್ಕೋ, ಅಡಿಕೆ ಮುಗಿದ ಮೇಲೋ ಇಟ್ಕೊಳ್ಳಿ. ತಡ ಆದ್ರೆ ಬಣ್ಣ ಸ್ವಲ್ಪ ಹೆಚ್ಚು ತುಂಬಬೇಕಾಗುತ್ತೆ ಅಷ್ಟೇ, ಕೆಲಸ ಕೆಡಲ್ಲ.


ದಾರದ ಕೈ:

ಟಿಂಟ್ ವಿಷಯದಲ್ಲಿ ಸಿಸ್ಟರ್ ಹೇಳಿದ್ದೇ ಸರಿ, ಡೈ ಕೆರೆತದ ಸಾಲನ್ನ ನಾನು ಗಮನಿಸಿರಲಿಲ್ಲ. ಲ್ಯಾಮಿನೇಷನ್ ಕಿಟ್‌ಗಳ ಜೊತೆ ಕೆಲವು ಕಡೆ ಟಿಂಟ್ ಸೇರಿಸಿಯೇ ಮಾಡ್ತಾರೆ, ಕೇಳೋದೂ ಇಲ್ಲ. ಕೂರೋ ಮುಂಚೆಯೇ "ಬಣ್ಣ ಬೇಡ, ಡೈ ಅಲರ್ಜಿ ಇದೆ" ಅಂತ ಹೇಳಿ, ಎರಡನೇ ಲೋಷನ್ ಒರೆಸಿದ ಮೇಲೆ ಏನು ಹಚ್ತಿದಾರೆ ಅಂತ ಇನ್ನೊಂದು ಸಲ ಕೇಳಿ.