ಪದಚರ್ಚೆ: ವಿಡಿಯೊ ನೋಡುವಾಗ ಕಂಪ್ಯೂಟರ್ ‘ಹ್ಯಾಂಗ್’ ಆಗುವುದಕ್ಕೆ ಕನ್ನಡ ಪದ (ಶನಿವಾರದೊಳಗೆ ಬೇಕು)

ಮುಂಬಯಿ, ಮಾಟುಂಗಾ, ಬುಧವಾರ ರಾತ್ರಿ

ಬಲ್ಲವರಲ್ಲಿ ಒಂದು ವಿನಂತಿ. ನಮ್ಮ ಸಂಘದ ವಾಚನಾಲಯದಲ್ಲಿ ಯಾರೋ ದಾನ ಕೊಟ್ಟ ಎರಡು ಹಳೆಯ ಕಂಪ್ಯೂಟರುಗಳಿವೆ. ಮಧ್ಯಾಹ್ನ ಹಿರಿಯರು ಬಂದು ಯೂಟ್ಯೂಬ್‌ನಲ್ಲಿ ಯಕ್ಷಗಾನ, ಹರಿಕಥೆ ನೋಡುತ್ತಾರೆ. ಪ್ರಸಂಗ ರಂಗೇರುವ ಹೊತ್ತಿಗೇ ಚಿತ್ರ ನಿಂತುಬಿಡುತ್ತದೆ. ಹಾಗಾದಾಗ ಏನು ಮಾಡಬೇಕೆಂದು ಒಂದು ಹಾಳೆ ಬರೆದು ಗೋಡೆಗೆ ಹಚ್ಚಬೇಕಾಗಿದೆ. ಶನಿವಾರ ಸಂಜೆ ಅದು ಲ್ಯಾಮಿನೇಟ್ ಅಂಗಡಿಗೆ ಹೋಗಬೇಕು. ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ. ನನ್ನ ಕರಡಿನಲ್ಲಿ ‘ಕಂಪ್ಯೂಟರ್ ಸ್ತಂಭನಗೊಂಡರೆ’ ಎಂದಿದೆ. ಓದಿದ ಮೊಮ್ಮಗಳು ನಕ್ಕಳು. ಒಂದೇ ಒಂದು ಪದ ಸಾಕು, ಚರ್ಚೆ ಬೇಡ.

ಪುಣೆ, ಕೋಥರೂಡ್

ಮೊಮ್ಮಗಳು ನಕ್ಕದ್ದು ಸರಿ. ಸ್ತಂಭನ ಮಂತ್ರಶಾಸ್ತ್ರದ ಷಟ್ಕರ್ಮಗಳಲ್ಲಿ ಒಂದು. ಉಚ್ಚಾಟನ, ಮಾರಣಗಳ ಪಂಕ್ತಿಯದು. ಪತ್ರಿಕೆಗಳ ಒಳಪುಟದ ವೈದ್ಯರ ಜಾಹೀರಾತುಗಳಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಇದೆ. ಹಿರಿಯರು ಕೂರುವ ವಾಚನಾಲಯದ ಗೋಡೆಗೆ ಎರಡೂ ಬೇಡ.

‘ಹೆಪ್ಪುಗಟ್ಟು’ ಎಂದು ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ: ಹೆಪ್ಪು ಹಾಲಿಗೆ. ಹೆಪ್ಪಾದದ್ದು ಮೊಸರಾಗುತ್ತದೆ, ಮತ್ತೆ ಹಾಲಾಗುವುದಿಲ್ಲ. ನಿಮ್ಮ ಯಂತ್ರ ಮೊದಲಿನಂತೆ ಆಗಬೇಕಷ್ಟೆ? ಅಚ್ಚಕನ್ನಡದಲ್ಲಿ ‘ಮರಗಟ್ಟು’ ಇದೆ. ಕಾಲು ಮರಗಟ್ಟುತ್ತದೆ, ತಿಕ್ಕಿದರೆ ಸರಿಹೋಗುತ್ತದೆ. ಇದು ಮರದಿಂದ ಬಂದದ್ದಲ್ಲ; ‘ಮಱೆ’ ಧಾತುವಿನದು, ಅಂಗವು ತನ್ನನ್ನೇ ಮರೆಯುವುದು. ಕಂಪ್ಯೂಟರ್ ಎನ್ನಬೇಡಿ. ಗಣಕ ಸಂಸ್ಕೃತ, ಅದೂ ಬೇಡ. ‘ಎಣ್ಣುಕ ಮರಗಟ್ಟಿದರೆ’ ಎಂದು ಬರೆಯಿರಿ.

ಘಾಟ್ಕೋಪರ್

ಹ್ಯಾಂಗ್ ಆದರೆ. ಮುಗಿಯಿತು. ಎಣ್ಣುಕ ಎಂದು ಬರೆದರೆ ಹಿರಿಯರು ಅದನ್ನು ಹುಡುಕಿಕೊಂಡು ಅಡುಗೆಮನೆಗೆ ಹೋಗುತ್ತಾರೆ.

ಪಿಂಪ್ರಿ

ಘಾಟ್ಕೋಪರಿನವರಿಗೆ: ಧಾರವಾಡ, ವಿಜಯಪುರದ ಕಡೆಯಿಂದ ಬಂದ ನಮಗೆ ‘ಹ್ಯಾಂಗ’ ಎಂದರೆ ‘ಹೇಗೆ’. ರಿಪೇರಿಗೆ ಬಂದ ಹುಡುಗ ‘ಕಂಪ್ಯೂಟರ್ ಹ್ಯಾಂಗ್ ಆಗಿದೆ’ ಎಂದಾಗ ನಮ್ಮ ತಾಯಿ ‘ಅದನ್ನೇ ಅಲ್ಲವೇ ನಾನು ನಿನ್ನನ್ನು ಕೇಳುತ್ತಿರುವುದು’ ಎಂದಿದ್ದರು. ಗೋಡೆಯ ಮೇಲೆ ಹಾಗೆ ಬರೆದರೆ ನಮ್ಮವರು ಕುಶಲೋಪರಿ ಎಂದುಕೊಳ್ಳುತ್ತಾರೆ.

ವಾಸ್ಕೊ, ಗೋವಾ

ಪದ ಹುಡುಕುವ ಮೊದಲು ರೋಗ ಯಾವುದೆಂದು ಯಾರೂ ಕೇಳಲಿಲ್ಲ. ಮಾಟುಂಗಾದವರೇ, ಪರದೆಯ ಮೇಲೆ ಚಿತ್ರ ನಿಂತಾಗ ನಡುವೆ ಉಂಗುರ ಸುತ್ತುತ್ತದೆಯೇ? ಮೌಸಿನ ಬಾಣ ಓಡಾಡುತ್ತದೆಯೇ? ಧ್ವನಿ ಏನಾಗುತ್ತದೆ?

ಮಾಟುಂಗಾ

ಉಂಗುರ ಸುತ್ತುವುದೂ ಉಂಟು. ಹೆಚ್ಚಾಗಿ ಭಾಗವತರ ಹಾಡು ಕೇಳುತ್ತಲೇ ಇರುತ್ತದೆ, ವೇಷ ಮಾತ್ರ ಎತ್ತಿದ ಕಾಲನ್ನು ಇಳಿಸುವುದಿಲ್ಲ. ವಾರಕ್ಕೊಮ್ಮೆ ಎಲ್ಲವೂ ನಿಂತು ಸ್ಪೀಕರ್ ಗರ್ರೆನ್ನುತ್ತದೆ. ಆಗ ಬಾಣವೂ ಅಲುಗುವುದಿಲ್ಲ.

ಪುಣೆ, ಕೋಥರೂಡ್

ವಾಸ್ಕೊದವರೇ, ‘ಪರದೆ’ ಪಾರಸಿ. ‘ತೆರೆ’ ಎನ್ನಿ.

ವಾಸ್ಕೊ, ಗೋವಾ

ಆಗಲಿ, ತೆರೆ. ಆದರೆ ಮಾಟುಂಗಾದವರು ಹೇಳಿದ್ದು ಮೂರು ಬೇರೆ ಬೇರೆ ರೋಗ. ಮೂರಕ್ಕೂ ಒಂದೇ ಪದ ಬರೆದರೆ ಹಿರಿಯರು ಮೂರಕ್ಕೂ ಒಂದೇ ಮದ್ದು ಮಾಡುತ್ತಾರೆ, ಅಂದರೆ ಗೋಡೆಯ ಸ್ವಿಚ್ ಆರಿಸುತ್ತಾರೆ.

ಉಂಗುರ ಸುತ್ತಿದರೆ ಯಂತ್ರದ ತಪ್ಪಿಲ್ಲ. ಚಿತ್ರ ಓಡುವ ವೇಗಕ್ಕೆ ಇಂಟರ್‌ನೆಟ್ಟಿನಿಂದ ಮಾಹಿತಿ ಬರುತ್ತಿಲ್ಲ, ಅಷ್ಟೆ. ಇದಕ್ಕೆ ಹೊಸ ಪದವೇ ಬೇಡ. ‘ಉಂಗುರ ಸುತ್ತುತ್ತಿದ್ದರೆ’ ಎಂದರೆ ಮಗುವಿಗೂ ಗೊತ್ತಾಗುತ್ತದೆ.

ಹಾಡು ನಡೆದು ಚಿತ್ರ ನಿಂತರೆ ಸಾಮಾನ್ಯವಾಗಿ ಚಿತ್ರ ಬಿಡಿಸುವ ಕೆಲಸ ಕೆಟ್ಟಿರುತ್ತದೆ. ವಿಡಿಯೊ ನಮ್ಮಲ್ಲಿಗೆ ಮಡಿಚಿಕೊಂಡು ಬರುತ್ತದೆ, ಇಲ್ಲಿ ಬಿಡಿಸಬೇಕು. ಯೂಟ್ಯೂಬ್ ಈಗ ವಿಪಿ9, ಎವಿ1 ಎಂಬ ಮಡಿಕೆಗಳನ್ನು ಬಳಸುತ್ತದೆ. ಎವಿ1 ಹೊರಬಂದದ್ದೇ 2018ರಲ್ಲಿ. ಅದಕ್ಕಿಂತ ಹಳೆಯ ಗ್ರಾಫಿಕ್ಸ್ ಚಿಪ್‌ಗೆ ಅದು ಗೊತ್ತಿರುವುದಿಲ್ಲ. ಆಗ ಭಾರವೆಲ್ಲ ಪ್ರೊಸೆಸರಿನ ಮೇಲೆ ಬೀಳುತ್ತದೆ. ಚಿತ್ರದ ಸ್ಪಷ್ಟತೆಯನ್ನು 1080ರಲ್ಲಿ ಇಟ್ಟು ನೋಡುತ್ತಿದ್ದರೆ 480ಕ್ಕೆ ಇಳಿಸಿ, ಉಳಿದ ಟ್ಯಾಬ್‌ಗಳನ್ನು ಮುಚ್ಚಿ. ಆಗಲೂ ನಿಂತರೆ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಆಕ್ಸಿಲರೇಶನ್ (ಚಿತ್ರದ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವುದು) ಎಂಬುದನ್ನು ಆಫ್ ಮಾಡಿ, ಬ್ರೌಸರನ್ನು ಮುಚ್ಚಿ ತೆರೆದು ನೋಡಿ. ಆ ಚಿಪ್ಪನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಹಳೆಯದಾಗಿರುವ ಯಂತ್ರಗಳಲ್ಲಿ ಎಷ್ಟೋ ಸಲ ಅದರಿಂದಲೇ ಸರಿಹೋಗುತ್ತದೆ. ಇದಕ್ಕೆ ‘ಮರಗಟ್ಟು’ ಒಪ್ಪುತ್ತೇನೆ, ಮೈಯ ಒಂದು ಭಾಗ ಮಾತ್ರ ಮರಗಟ್ಟುವುದರಿಂದ.

ಮೂರನೆಯದು, ಎಲ್ಲವೂ ನಿಂತು ಗರ್ರೆನ್ನುವುದು. ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರಿದರೆ ಜೀವವಿದೆ, ಕಾಯಿರಿ. ಇಲ್ಲವಾದರೆ ಪವರ್ ಗುಂಡಿಯನ್ನು ಚಿತ್ರ ಆರುವ ತನಕ ಒತ್ತಿ ಹಿಡಿಯಿರಿ. ಡಬ್ಬಿ ತೆರೆಸಿ ಫ್ಯಾನಿನ ದೂಳನ್ನೂ ತೆಗೆಸಿ. ಮುಂಬಯಿಯ ದೂಳಿಗೆ ಕಡಲ ತೇವ ಸೇರಿ ಅದು ಕಂಬಳಿಯಂತೆ ಕೂರುತ್ತದೆ, ಕಾವು ಹೊರಹೋಗುವುದಿಲ್ಲ. ಇದಕ್ಕೆ ಪದ ನನ್ನಲ್ಲಿಲ್ಲ.

ಮುಲುಂಡ್

ನನ್ನಲ್ಲಿದೆ: ‘ಗರ ಬಡಿದರೆ’. ಗರ ಬಡಿದವರ ಹಾಗೆ ನಿಂತ ಎನ್ನುವುದಿಲ್ಲವೇ? ಕಣ್ಣು ತೆರೆದೇ ಇದೆ, ಕರೆದರೆ ಓಗೊಡುವುದಿಲ್ಲ. ಇದಕ್ಕಿಂತ ಸರಿಯಾದ ವರ್ಣನೆ ಬೇಕೇ?

ಹಾಗೆಯೇ, ಕೋಥರೂಡಿನ ಮಾಸ್ತರರ ‘ಮಱೆ’ ವ್ಯುತ್ಪತ್ತಿ ನಿಲ್ಲುವುದಿಲ್ಲ. ಹಳಗನ್ನಡದಲ್ಲಿ ಮರೆಯುವುದಕ್ಕೆ ಶಕಟರೇಫ (ಱ ಎಂಬ ಹಳೆಯ ಅಕ್ಷರ), ಮರಕ್ಕೆ ಸಾದಾ ರೇಫ (ರ). ತಮಿಳು ಲಿಪಿಯಲ್ಲಿ ಆ ಭೇದ ಇಂದಿಗೂ ಉಳಿದಿದೆ. ಕೈಕಾಲು ಜೋಮು ಹಿಡಿಯುವುದಕ್ಕೆ ಅವರು ಬಳಸುವ ‘ಮರತ್ತುಪ್ಪೋ’ದಲ್ಲಿ ಇರುವುದು ಸಾದಾ ರೇಫ. ಮರಗಟ್ಟುವುದೆಂದರೆ ಮರದಂತಾಗುವುದು. ಮರೆವಿಗೆ ಇಲ್ಲಿ ಕೆಲಸವಿಲ್ಲ.

ಪುಣೆ, ಕೋಥರೂಡ್

‘ಗರ’ ಗ್ರಹದ ತದ್ಭವ. ಬಾಗಿಲಲ್ಲಿ ತಡೆದ ಸಂಸ್ಕೃತವನ್ನು ಕಿಟಕಿಯಿಂದ ಒಳಗೆ ಬಿಟ್ಟ ಹಾಗಾಯಿತು. ರೇಫದ ವಿಷಯ ಪರಿಶೀಲಿಸಿ ಬರೆಯುತ್ತೇನೆ.

ಮುಲುಂಡ್

ಕೇಶಿರಾಜ ಶಬ್ದಮಣಿದರ್ಪಣದಲ್ಲಿ ತದ್ಭವಗಳಿಗೆಂದೇ ಅಪಭ್ರಂಶ ಪ್ರಕರಣವನ್ನು ಇಟ್ಟದ್ದು ಅವುಗಳನ್ನು ಮನೆಯಿಂದ ಹೊರಹಾಕಲಿಕ್ಕಲ್ಲ. ಕನ್ನಡದ ಬಾಯಲ್ಲಿ ಸವೆದದ್ದು ಕನ್ನಡದ್ದೇ.

ಪುಣೆ, ಕೋಥರೂಡ್

ಹೀಗೇ ಒಂದೊಂದನ್ನಾಗಿ ಬಿಟ್ಟುಕೊಟ್ಟರೆ ಉಳಿಯುವುದೇನು? ನಾನಿರುವ ಊರಿನವರನ್ನು ನೋಡಿ. ಶಿವಾಜಿ ಮಹಾರಾಜರ ಕಾಲದಲ್ಲೇ ರಘುನಾಥ ಪಂಡಿತ ರಾಜವ್ಯವಹಾರಕೋಶವನ್ನು ರಚಿಸಿ ಪಾರಸಿ ಪದಗಳಿಗೆಲ್ಲ ಬದಲಿ ಒದಗಿಸಿದ. ಇಂದಿಗೂ ಮೇಯರ್ ಇಲ್ಲಿ ಮಹಾಪೌರ, ಕಂಪ್ಯೂಟರ್ ಸಂಗಣಕ.

ಘಾಟ್ಕೋಪರ್

ಬದಲಿ ಒದಗಿಸಿದ್ದೂ ಸಂಸ್ಕೃತದಿಂದಲೇ ಅಲ್ಲವೇ, ಮಾಸ್ತರರೇ? ಪೇಶ್ವೆ ಎಂಬ ಪಾರಸಿ ಹೆಸರಿಗೆ ಮುಖ್ಯ ಪ್ರಧಾನ ಎಂದು ಮಾಡಿದರು. ಆಮೇಲೆ ನಿಮ್ಮ ಪುಣೆಯನ್ನು ಆಳಿದವರನ್ನು ಜನ ಏನೆಂದು ಕರೆದರು?

ಪಿಂಪ್ರಿ

ಮರಾಠಿಯ ಅಡಕಿತ್ತಾ ನಮ್ಮ ಅಡಕೊತ್ತೇ. ಅವರೇನೂ ಕೋಶ ಬರೆದು ಅದನ್ನು ಹಿಂದಿರುಗಿಸಲಿಲ್ಲ. ಎಲೆಯಡಿಕೆ ನಡೆದೇ ಇದೆ. ಇನ್ನು ಯಾರಾದರೂ ಪಂಢರಪುರದ ವಿಠ್ಠಲ ಕನ್ನಡಿಗನೋ ಮರಾಠಿಗನೋ ಎಂಬುದನ್ನು ಈ ಚರ್ಚೆಗೆ ಎಳೆಯುವ ಮೊದಲು ನಾನು ಎದ್ದು ಹೋಗುತ್ತೇನೆ.

ಮಾಟುಂಗಾ, ಶನಿವಾರ

ಎಲ್ಲರಿಗೂ ವಂದನೆ. ಅಂಗಡಿ ಆರಕ್ಕೆ ಮುಚ್ಚುತ್ತದೆ. ಹೀಗೆ ಕೊಟ್ಟಿದ್ದೇನೆ:

‘ವಿಡಿಯೊ ನೋಡುವಾಗ ಕಂಪ್ಯೂಟರ್ ಕೈಕೊಟ್ಟರೆ. ಉಂಗುರ ಸುತ್ತುತ್ತಿದ್ದರೆ ಕಾಯಿರಿ, ಕಂಪ್ಯೂಟರನ್ನು ಆರಿಸಬೇಡಿ. ಹಾಡು ಕೇಳಿಸುತ್ತಿದ್ದು ಚಿತ್ರ ಮರಗಟ್ಟಿದರೆ ಚಿತ್ರದ ಗುಣಮಟ್ಟವನ್ನು 480ಕ್ಕೆ ಇಳಿಸಿ, ಬೇರೆ ಟ್ಯಾಬ್ ಮುಚ್ಚಿ. ಕಂಪ್ಯೂಟರಿಗೆ ಗರ ಬಡಿದು ಏನೂ ಅಲುಗದಿದ್ದರೆ ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹತ್ತದಿದ್ದರೆ ಗ್ರಂಥಪಾಲರನ್ನು ಕರೆಯಿರಿ.’

ಪವರ್ ಗುಂಡಿಯ ವಿಷಯ ಬೇಕೆಂದೇ ಬರೆಯಲಿಲ್ಲ. ಬರೆದರೆ ಮೂರಕ್ಕೂ ಅದನ್ನೇ ಒತ್ತುತ್ತಾರೆ. ಆಕ್ಸಿಲರೇಶನ್ ಅನ್ನು ನಾನೇ ಆಫ್ ಮಾಡಿದೆ. ನಿನ್ನೆ ಎರಡು ಗಂಟೆಯ ಪ್ರಸಂಗ ಒಮ್ಮೆಯೂ ನಿಲ್ಲದೆ ನಡೆಯಿತು.

ಪುಣೆ, ಕೋಥರೂಡ್

‘ಗುಣಮಟ್ಟ’ ಅರಿಸಮಾಸ; ಸಂಸ್ಕೃತಕ್ಕೆ ಕನ್ನಡ ಬೆಸೆದದ್ದು.

ಮಾಟುಂಗಾ

ಲ್ಯಾಮಿನೇಟ್ ಆಗಿದೆ.