ನಿರ್ಣಯ ಪಾಸಾದರೆ ನಕಲಿ ಸೀರೆ ನಿಲ್ಲುತ್ತಾ? ವಕೀಲರ ಜೊತೆ ಪ್ರಶ್ನೋತ್ತರ

ನೇಕಾರ, ಇಳಕಲ್: ಮೇಡಂ, ನಮಸ್ಕಾರ. ‘ಸ್ಥಳೀಯ ಉದ್ಯಮ, ಕಲೆ ಉಳಿಸಲು ವಿಧಾನಸಭೆ ನಿರ್ಣಯ ಮಾಡಿದೆ, ಇನ್ನು ಕೈಮಗ್ಗದ ಸೀರೆಯನ್ನು ಪವರ್‌ಲೂಮ್‌ನಲ್ಲಿ ನೇಯುವಂತಿಲ್ಲ’ ಅಂತ ಮೆಸೇಜ್ ಬಂದಿದೆ. ಅದನ್ನೇ ನಂಬಿ ನಮ್ಮ ಸಂಘದವರು ಸಾಲ ಮಾಡಿ ನೂಲು ತರಿಸಲು ಹೊರಟಿದ್ದಾರೆ. ಏನು ಮಾಡಲಿ?

ವಕೀಲೆ: ನಮಸ್ಕಾರ. ಮೊದಲು ಆ ಸಾಲ ನಿಲ್ಲಿಸಿ. ಮೆಸೇಜಿನಲ್ಲಿ ತಾರೀಕಿಲ್ಲ, ನಿರ್ಣಯದ ಮಾತುಗಳೂ ಇಲ್ಲ. ಇದ್ದರೂ ಅದರಿಂದ ಒಂದು ಮಗ್ಗವೂ ನಿಲ್ಲಲ್ಲ. ನಿರ್ಣಯ ಅಂದರೆ ಸದನದ ಅಭಿಪ್ರಾಯ. ಮೀರಿದವರಿಗೆ ಶಿಕ್ಷೆ ಕೊಡಲು ಕಾಯ್ದೆ ಬೇಕು. ನಮ್ಮ ರಾಜ್ಯದ ಹೆಸರನ್ನೇ ನೋಡಿ. ‘ಕರ್ನಾಟಕ’ ಅಂತ ಇಲ್ಲಿ ನಿರ್ಣಯ ಆದದ್ದು 1972ರಲ್ಲಿ. ಹೆಸರು ಬದಲಾದದ್ದು ಸಂಸತ್ತು ಕಾಯ್ದೆ ಮಾಡಿದ ಮೇಲೆ, 1973ರ ನವೆಂಬರ್ 1ಕ್ಕೆ.

ನಿಮಗೆ ಬೇಕಾದ ಕಾಯ್ದೆ ಆಗಲೇ ಇದೆ, ಅದನ್ನು ಬಳಸುವವರು ಕಡಿಮೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆ. ಮೀಸಲಿಟ್ಟ ಬಟ್ಟೆಯನ್ನು ಪವರ್‌ಲೂಮ್‌ನಲ್ಲಿ ನೇಯುವಂತಿಲ್ಲ. ಮೊದಲು 22 ಬಗೆಯ ಬಟ್ಟೆ ಕೈಮಗ್ಗಕ್ಕೆ ಮೀಸಲಿತ್ತು, ಆಮೇಲೆ 11ಕ್ಕೆ ಇಳಿಸಿದರು. ಸೀರೆ ಉಳಿದಿದೆ, ಆದರೆ ಎಲ್ಲ ಸೀರೆಯೂ ಅಲ್ಲ. ಈ ಕಾಯ್ದೆಯಡಿ ಹೊರಡಿಸಿದ ಆದೇಶದಲ್ಲಿ ಹೇಳಿದ ನೂಲು, ಅಂಚು, ಸೆರಗು ಇದ್ದರೆ ಮಾತ್ರ. 1993ರಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿದಿದೆ.

ಇನ್ನೊಂದು ಜಿಐ, ಅಂದರೆ ಊರಿನ ಹೆಸರಿನ ಸರಕಿಗೆ ಸಿಗುವ ಭೌಗೋಳಿಕ ಸೂಚಕ. ಅದು ಕಾಯುವುದು ಹೆಸರನ್ನು. ಇಳಕಲ್ ಸೀರೆಗೆ ಜಿಐ ಇದೆ, ಸರಿ. ಆದರೆ ಚೆನ್ನೈನ ನೋಂದಣಿ ಕಚೇರಿಯಲ್ಲಿ ‘ಅಧಿಕೃತ ಬಳಕೆದಾರ’ ಅಂತ ನಿಮ್ಮ ಹೆಸರು ಬರೆಸಿದ್ದೀರಾ? ಇಲ್ಲದಿದ್ದರೆ ನೀವಾಗಿಯೇ ಕೋರ್ಟಿಗೆ ಹೋಗುವುದು ಕಷ್ಟ. ಒಡಲಿನ ಹಾಸು (ಉದ್ದದ ಎಳೆಗಳು), ಸೆರಗಿನ ಹಾಸು ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತೀರಲ್ಲ, ನಕಲಿಯಲ್ಲಿ ಅದಿದೆಯಾ ನೋಡಿ. ಇಲ್ಲದಿದ್ದರೆ ಹತ್ತಿರದಿಂದ ಫೋಟೋ ತೆಗೆದಿಡಿ.

ಸದಸ್ಯ: ಮೇಡಂ, ಪವರ್‌ಲೂಮ್ ಬಂದ್ ಅಂತ ನಮಗೂ ಮೆಸೇಜ್ ಬಂತು, ನಿಜಾನಾ?

ವಕೀಲೆ: ಅಲ್ಲ. ಮೇಲೆ ಓದಿ.

ಹಳೆ ಕಲಾವಿದ: ನನ್ನ ಮಾಸಾಶನ ಎರಡು ತಿಂಗಳಿಂದ ಬಂದಿಲ್ಲ. ಯಾರನ್ನು ಕೇಳಬೇಕು?

ಪವರ್‌ಲೂಮ್ ಮಾಲೀಕ, ಬನಹಟ್ಟಿ: ಸ್ಥಳೀಯ ಉದ್ಯಮ ಅಂದರೆ ಕೈಮಗ್ಗ ಮಾತ್ರಾನಾ? ನಮ್ಮಲ್ಲೂ ಕನ್ನಡದವರೇ ದುಡಿಯೋದು.

ನೇಕಾರ, ಇಳಕಲ್: ದುಡೀರಿ. ನಮ್ಮ ಊರ ಹೆಸರು ಯಾಕೆ ಹಾಕ್ತೀರಿ?

ಪವರ್‌ಲೂಮ್ ಮಾಲೀಕ, ಬನಹಟ್ಟಿ: ಗಿರಾಕಿ ಆ ಹೆಸರನ್ನೇ ಕೇಳ್ತಾನೆ. ನಿಮ್ಮ ರೇಟಿಗೆ ಬಡವರು ಸೀರೆ ಉಡೋದು ಬೇಡ್ವಾ?

ನೇಕಾರ, ಇಳಕಲ್: ಒಂದು ಸೀರೆಗೆ ಮನೆಮಂದಿಯೆಲ್ಲ ಕೂತು ದುಡಿದಿರುತ್ತೇವೆ. ರೇಟಿನ ಮಾತು ನೀವು ಆಡಬೇಡಿ.

ವಕೀಲೆ: ಇಬ್ಬರೂ ಸಾಕು ಮಾಡಿ. ಬನಹಟ್ಟಿಯವರೇ, ಮೀಸಲಿಲ್ಲದ ಬಟ್ಟೆಯನ್ನು ನಿಮ್ಮ ಹೆಸರಲ್ಲೇ ಎಷ್ಟು ಬೇಕಾದರೂ ನೇಯಿರಿ. ಇಳಕಲ್ ಅಂತ ಸುಳ್ಳು ಚೀಟಿ ಅಂಟಿಸಿದರೆ ಜಿಐ ಕಾಯ್ದೆಯಲ್ಲಿ ಜೈಲು ಶಿಕ್ಷೆ ಇದೆ.

ಜಾನಪದ ತಂಡ: ಸದನ ನಿರ್ಣಯ ಮಾಡಿದರೆ ಅಕಾಡೆಮಿ ಅನುದಾನ ಜಾಸ್ತಿ ಆಗಲೇಬೇಕು, ಅಲ್ವಾ?

ವಕೀಲೆ: ಇಲ್ಲ. ಹಣ ಬರುವುದು ಬಜೆಟ್‌ನಿಂದ. ಬಜೆಟ್‌ಗೆ ಮೊದಲೇ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಬರೆಯಿರಿ.

ಇನ್ನೊಬ್ಬ ಸದಸ್ಯ: ಖಾಸಗಿ ಕಂಪನಿಯಲ್ಲಿ ಕನ್ನಡಿಗರಿಗೆ 70% ಕೆಲಸ ಪಾಸಾಯ್ತಂತೆ? ಎಲ್ಲರಿಗೂ ಕಳಿಸಿ 🙏 (ಫಾರ್ವರ್ಡ್)

ವಕೀಲೆ: ಕಳಿಸಬೇಡಿ. 2024ರ ಜುಲೈನಲ್ಲಿ ಸಂಪುಟ ಒಪ್ಪಿದ್ದ ಮಸೂದೆಯನ್ನು ಆಗಲೇ ತಡೆಹಿಡಿದರು. ಇನ್ನೊಂದು ಫಾರ್ವರ್ಡ್ ಹಾಕಿದರೆ ನಾನು ಉತ್ತರಿಸಲ್ಲ. ಇಂಥದನ್ನು ನಂಬಿ ಜನ ಸಾಲ ಮಾಡುತ್ತಿದ್ದಾರೆ.

ಇನ್ನೊಬ್ಬ ಸದಸ್ಯ: ಕೇಳಿದ್ದಕ್ಕೆ ಇಷ್ಟು ಸಿಟ್ಟಾ?

ಹಳೆ ಕಲಾವಿದ: ನನ್ನ ಮಾಸಾಶನದ ಪ್ರಶ್ನೆ ಹಾಗೇ ಇದೆ.

ನೇಕಾರ, ಇಳಕಲ್: ಸಾಲ ನಿಲ್ಲಿಸಿದೆವು ಮೇಡಂ. ಒಂದು ನಕಲಿ ಸೀರೆ ಕೊಂಡು ತಂದೆ. ಬಿಲ್ಲಲ್ಲಿ ಬರೀ ‘ಸೀರೆ’ ಅಂತ ಇದೆ.

ವಕೀಲೆ: ಜಿಐ ಕೇಸಿಗೆ ಅದು ಸಾಲದು. ಅಂಗಡಿಯವರ ಕೈಯಲ್ಲೇ ‘ಇಳಕಲ್’ ಅಂತ ಬರೆಸಿದ ಬಿಲ್ ಬೇಕು. ಸೀರೆಗೆ ಅಂಟಿಸಿದ ಚೀಟಿ ಕೀಳಬೇಡಿ. ಮೀಸಲಾತಿ ಕಾಯ್ದೆಯ ದೂರಿಗೆ ಮಾತ್ರ ಈ ಹೆಸರಿನ ಬಿಲ್ ಬೇಕಿಲ್ಲ. ನಾಳೆಯೇ ಜಿಲ್ಲೆಯ ಕೈಮಗ್ಗ ಮತ್ತು ಜವಳಿ ಕಚೇರಿಗೆ ಬರಹದಲ್ಲಿ ಕೊಡಿ, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಂಡೇ ಬನ್ನಿ.