.22 ಸ್ಪೋರ್ಟ್ ಪಿಸ್ತೂಲ್: ಖಾಲಿ ಕೇಸ್ ಚೇಂಬರ್‌ನಲ್ಲೇ ಸಿಕ್ಕಿಕೊಳ್ತಿದೆ, ಎಕ್ಸ್‌ಟ್ರಾಕ್ಟರ್ ಬದಲಿಸಬೇಕಾ?

ಇಪ್ಪತ್ತೈದು_ಮೀಟರ್

ಎಲ್ಲರಿಗೂ ನಮಸ್ಕಾರ. ನಾನು ಬನಶಂಕರಿಯವಳು, 25 ಮೀಟರ್ ಸ್ಪೋರ್ಟ್ ಪಿಸ್ತೂಲ್ ಹೊಡೀತೀನಿ. ಸ್ವಂತದ್ದು ಇನ್ನೂ ಇಲ್ಲ. ಕ್ಲಬ್ಬಿನ ಹಳೇ .22, ಮ್ಯಾಗಜಿನ್ ಟ್ರಿಗರಿನ ಮುಂದೆ ಕೂರೋ ಥರದ್ದು.

ಐವತ್ತು ರೌಂಡಿನ ಡಬ್ಬಿಯಲ್ಲಿ ಅರ್ಧ ಮುಗಿಯೋವರೆಗೂ ಏನೂ ತೊಂದರೆ ಇಲ್ಲ. ಆಮೇಲೆ ಶುರುವಾಗುತ್ತೆ. ಹೊಡೆದ ಮೇಲೆ ಉಳಿಯೋ ಖಾಲಿ ಕೇಸ್ (ರೌಂಡಿನ ಲೋಹದ ಕವಚ) ಚೇಂಬರ್‌ನಲ್ಲಿ, ಅಂದ್ರೆ ನಳಿಗೆಯ ಹಿಂಬದಿ ರೌಂಡ್ ಕೂರೋ ಗೂಡಿನಲ್ಲಿ, ಒಂಚೂರು ಹಿಂದೆ ಸರಿದು ಅಲ್ಲೇ ಸಿಕ್ಕಿಕೊಳ್ಳುತ್ತೆ. ಒಂದೊಂದು ಸಲ ಹೊಸ ರೌಂಡಿನ ಮೂತಿ ಹೋಗಿ ಅದಕ್ಕೆ ಗುದ್ದಿ ನಿಲ್ಲುತ್ತೆ, ಒಂದೊಂದು ಸಲ ಬೋಲ್ಟ್ (ಚೇಂಬರನ್ನ ಹಿಂದಿನಿಂದ ಮುಚ್ಚೋ, ಹಿಂದೆ ಮುಂದೆ ಸರಿಯೋ ಭಾಗ) ಅದೇ ಖಾಲಿ ಕೇಸನ್ನೇ ಮತ್ತೆ ಒಳಗೆ ತಳ್ಳಿ ಮುಚ್ಚಿಕೊಳ್ಳುತ್ತೆ, ಟ್ರಿಗರ್ ಒತ್ತಿದ್ರೆ ಬರೀ ಟಿಕ್. ಬೆಳಗಿನ ಚಳಿಯಲ್ಲಿ ಜಾಸ್ತಿ. ರ‍್ಯಾಪಿಡ್‌ನಲ್ಲಿ (ಸ್ಪರ್ಧೆಯ ವೇಗದ ಸುತ್ತು) ಪ್ರತಿ ಗುಂಡಿಗೆ ಟಾರ್ಗೆಟ್ ಕಾಣೋದೇ 3 ಸೆಕೆಂಡ್, ಅಷ್ಟರಲ್ಲಿ ಇದಾದ್ರೆ ಇಡೀ ಸೀರೀಸ್ ಹೋದ ಹಾಗೇ.

ಎಕ್ಸ್‌ಟ್ರಾಕ್ಟರ್ (ಕೇಸಿನ ಅಂಚು ಹಿಡಿಯೋ ಕೊಕ್ಕೆ) ಸವೆದಿದೆ, ಬದಲಿಸಿ ಅಂತ ಕ್ಲಬ್ಬಿನಲ್ಲಿ ಹೇಳ್ತಿದ್ದಾರೆ. ಹೊರಗಿನಿಂದ ತರಿಸಬೇಕು, ತಿಂಗಳುಗಟ್ಟಲೆ ಆಗುತ್ತೆ. ಪೀಣ್ಯದ ಲೇತ್ ವರ್ಕ್‌ಶಾಪಿನಲ್ಲಿ ಸ್ಪ್ರಿಂಗ್ ಸ್ಟೀಲ್‌ನಲ್ಲಿ ಒಂದು ಮಾಡಿಸಿಬಿಡೋಣ ಅಂತ ನನ್ನ ಜೊತೆಯವನ ಸಲಹೆ. ರಾಜ್ಯಮಟ್ಟದ ಸ್ಪರ್ಧೆ ಹತ್ತಿರ ಬರ್ತಿದೆ. ಏನು ಮಾಡಲಿ?

ಕೊಡಗಿನ_ಕೋವಿ

ಮದ್ದಿನ ಶಕ್ತಿ ಸಾಲದು ಅನ್ಸುತ್ತೆ. ಸ್ವಲ್ಪ ಜೋರಿನ ಹೈ ವೆಲಾಸಿಟಿ ರೌಂಡ್ ಹಾಕಿ ನೋಡಿ, ತಾನಾಗೇ ಕೇಸನ್ನ ಒದ್ದು ಹೊರಗೆ ಹಾಕುತ್ತೆ. ನನ್ನ ರೈಫಲ್‌ನಲ್ಲಿ ಹಾಗೇ ಸರಿಹೋಯ್ತು.

ಟೂಲ್‌ರೂಮ್_ರಾಯರು

ಕೋವಿಯವರೇ, ರೈಫಲ್‌ಗೆ ಸರಿ, ಇಲ್ಲಿ ಬೇಡ. ಈ ಟಾರ್ಗೆಟ್ ಪಿಸ್ತೂಲುಗಳ ಬೋಲ್ಟ್, ಸ್ಪ್ರಿಂಗ್ ಎಲ್ಲಾ ಸ್ಟ್ಯಾಂಡರ್ಡ್ ವೆಲಾಸಿಟಿಗೆ ಲೆಕ್ಕ ಹಾಕಿ ಮಾಡಿರೋದು. ಜೋರಿನ ರೌಂಡ್ ಹಾಕ್ತಾ ಹೋದ್ರೆ ಬೋಲ್ಟ್ ಹಿಂದಕ್ಕೆ ಬಡಿದೂ ಬಡಿದೂ ಇನ್ನೊಂದೇನೋ ಒಡೆಯುತ್ತೆ.

ತಂಗಿ, ಎಕ್ಸ್‌ಟ್ರಾಕ್ಟರ್‌ಗೆ ಸದ್ಯಕ್ಕೆ ಕೈ ಹಾಕಬೇಡಿ. ನಾನು ರಾಜಾಜಿನಗರದಲ್ಲಿ ಟೂಲ್‌ರೂಮ್‌ನಲ್ಲೇ ಆಯುಷ್ಯ ಕಳೆದವನು, ನಮ್ಮ ಕ್ಲಬ್ಬಿನ ಪಿಸ್ತೂಲುಗಳ ಸಫಾಯಿ ಈಗಲೂ ನನ್ನದೇ. ಈ ತೊಂದರೆ ಬಂದಾಗೆಲ್ಲ ಮೊದಲು ಬೈಗುಳ ತಿನ್ನೋದು ಪಾಪ ಎಕ್ಸ್‌ಟ್ರಾಕ್ಟರ್.

ನಿಮ್ಮದು ಬ್ಲೋಬ್ಯಾಕ್ ಪಿಸ್ತೂಲ್. ಬೋಲ್ಟ್‌ಗೆ ಬೀಗ ಇಲ್ಲ, ಅದರ ತೂಕ ಮತ್ತು ಸ್ಪ್ರಿಂಗ್ ಅಷ್ಟೇ ತಡೆ. ಗುಂಡು ಹಾರುವಾಗ ಒಳಗಿನ ಒತ್ತಡ ಕೇಸನ್ನ ಹಿಂದಕ್ಕೆ ತಳ್ಳುತ್ತೆ, ಕೇಸ್ ಬೋಲ್ಟನ್ನ ತಳ್ಳುತ್ತೆ. ಅಂದ್ರೆ ಕೇಸ್ ತಾನೇ ಹೊರಗೆ ಬರುತ್ತೆ. ಎಜೆಕ್ಟರ್ ತಾಗಿ ಅದು ಪಕ್ಕಕ್ಕೆ ಚಿಮ್ಮೋವರೆಗೂ ಅದರ ರಿಮ್ (ಬುಡದ ಅಂಚು) ಜಾರದ ಹಾಗೆ ಹಿಡಿದಿರೋದೇ ಎಕ್ಸ್‌ಟ್ರಾಕ್ಟರ್ ಕೆಲಸ. ಆ ಕೊಕ್ಕೆಗೆ ಹಿಡಿಯೋಕೆ ಸಿಗೋದು 1 ಮಿಲಿಮೀಟರ್ ದಪ್ಪದ ರಿಮ್. ಚೇಂಬರ್ ಒಳಗೆ ಕೇಸಿಗೆ ಅಡ್ಡಿ ಆದ್ರೆ ಬಲವೆಲ್ಲ ಅಲ್ಲೇ ಖರ್ಚಾಗಿ, ಎಳೆಯೋ ಭಾರ ಕೊಕ್ಕೆ ಮೇಲೆ ಬೀಳುತ್ತೆ, ಅದು ಜಾರುತ್ತೆ. ಅಡ್ಡಿ ಇರುವಾಗ ಹೊಸ ಕೊಕ್ಕೆ ಹಾಕಿದ್ರೂ ಅದೂ ಜಾರುತ್ತೆ.

ರೇಂಜ್ ಆಫೀಸರ್ ಅನುಮತಿ ತಗೊಂಡು, ನಳಿಗೆ ಟಾರ್ಗೆಟ್ ಕಡೆಗೇ ಇಟ್ಟು ಒಂದು ರೌಂಡ್ ಲೋಡ್ ಮಾಡಿ. ಹೊಡೀಬೇಡಿ, ಬೆರಳು ಟ್ರಿಗರ್ ಹತ್ತಿರವೂ ಬೇಡ. ಬೋಲ್ಟ್ ನಿಧಾನಕ್ಕೆ ಹಿಂದಕ್ಕೆ ಎಳೀರಿ. ರೌಂಡ್ ಕೊಕ್ಕೆಯಲ್ಲೇ ಹಿಡಿದುಕೊಂಡು ಹೊರಗೆ ಬಂತಾ? ಪ್ರತಿ ಸಲ ಹಾಗೇ ಬಂದ್ರೆ ಎಕ್ಸ್‌ಟ್ರಾಕ್ಟರ್, ಅದರ ಸ್ಪ್ರಿಂಗ್ ಎರಡೂ ಚೆನ್ನಾಗಿವೆ. ನಡುವೆಯೇ ಜಾರಿ ಬಿದ್ರೆ ಕೊಕ್ಕೆ ಹಿಂದೆ ಮಸಿ ಕೂತಿದೆಯಾ ನೋಡಿ, ಟೂತ್‌ಪಿಕ್‌ನಲ್ಲಿ ಕೆರೆದು ಮತ್ತೆ ನೋಡಿ.

ಆಮೇಲೆ ಚೇಂಬರ್. .22ರ ಗುಂಡು ಸೀಸದ್ದು, ಮೇಲೆ ಮೇಣದ ಲೇಪ. ಪ್ರತಿ ಹೊಡೆತಕ್ಕೂ ಮೇಣ, ಸೀಸ, ಮದ್ದಿನ ಮಸಿ ಒಳಗೆ ಕೂರುತ್ತೆ. ಡಿಸೆಂಬರ್ ಬೆಳಗ್ಗೆ ನಮ್ಮೂರಲ್ಲಿ 15 ಡಿಗ್ರಿ ಇರುವಾಗ ಆ ಮೇಣ ಗಟ್ಟಿ. ಮ್ಯಾಚ್ ಚೇಂಬರ್ (ಸ್ಪರ್ಧೆಗೆಂದೇ ಮಾಡಿದ್ದು) ಮೊದಲೇ ಬಿಗಿ, ಇದೂ ಸೇರಿದ್ರೆ ಕೇಳಬೇಕಾ? ಅರ್ಧ ಡಬ್ಬಿ ಆದ ಮೇಲೆ ಶುರುವಾಗೋದು ಇದಕ್ಕೇ ಹೊಂದುತ್ತೆ. ಪಿಸ್ತೂಲ್ ಖಾಲಿ ಅಂತ ಖಾತ್ರಿ ಮಾಡಿಕೊಂಡು, ಕಂಚಿನ ಬ್ರಷ್‌ಗೆ ಸಾಲ್ವೆಂಟ್ ಹಚ್ಚಿ ಚೇಂಬರ್ ಒಳಗೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಲ್ಲಿ ಪೂರ್ತಿ ಒಣಗಿಸಿ. ಚೇಂಬರ್‌ನಲ್ಲಿ ಎಣ್ಣೆ ಉಳೀಬಾರದು. ಎಮರಿ ಪೇಪರ್ ಅಂತೂ ಮುಟ್ಟಲೇಬೇಡಿ.

ಇನ್ನೊಂದು ಕೆಲಸ. ಈ ಸಲ ಹೊಡೆದ ಖಾಲಿ ಕೇಸುಗಳನ್ನ ಬಕೆಟ್ಟಿಗೆ ಹಾಕಬೇಡಿ. ಹೊಡೆದ ಕ್ರಮದಲ್ಲೇ ಮೊಟ್ಟೆ ಟ್ರೇನಲ್ಲಿ ನಿಲ್ಲಿಸಿ ಮನೆಗೆ ತನ್ನಿ, ಬಿಸಿಲಿಗೆ ಹಿಡಿದು ಮೈ ನೋಡಿ. ಮಸಿ ಎಲ್ಲಿದೆ, ಗೀರು ಎಲ್ಲಿದೆ, ರಿಮ್ ಹರಿದಿದೆಯಾ, ಬರೀರಿ.

ರೇಂಜ್_ಆಫೀಸರ್_ಕೆಂಗೇರಿ

ಪೀಣ್ಯದ ಮಾತು ಅಲ್ಲಿಗೇ ಬಿಡಿ ಮೇಡಂ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕು ತಯಾರಿಕೆ ಜೊತೆಗೆ ರಿಪೇರಿಗೂ ಪರವಾನಗಿ ಬೇಕು, ಬಿಡಿಭಾಗವೂ ಅದರ ವ್ಯಾಪ್ತಿಗೆ ಬರುತ್ತೆ. ಲೇತ್ ಇಟ್ಟುಕೊಂಡಿರೋ ಆ ಪಾಪದ ಮನುಷ್ಯನೂ ಸಿಕ್ಕಿಬೀಳ್ತಾನೆ, ಕ್ಲಬ್ಬಿನ ಲೈಸೆನ್ಸಿಗೂ ತೊಂದರೆ.

ಸ್ಪರ್ಧೆಯಲ್ಲಿ ಕೇಸ್ ಸಿಕ್ಕಿಕೊಂಡ್ರೆ ಪಿಸ್ತೂಲ್ ಟಾರ್ಗೆಟ್ ಕಡೆಗೇ ಇರಲಿ, ಹಿಡಿತ ಬಿಡಬೇಡಿ, ಖಾಲಿ ಕೈ ಮೇಲೆತ್ತಿ. ಕೇಸ್ ಹೊರಗೆ ಬರದೇ ಇರೋದು ನಿಯಮದ ಪ್ರಕಾರ ಒಪ್ಪುವ ಮಾಲ್‌ಫಂಕ್ಷನ್. ಆದರೆ ನಾವು ಬಂದು ನೋಡೋ ಮೊದಲೇ ಬೋಲ್ಟ್ ಅಥವಾ ಸೇಫ್ಟಿ ಮುಟ್ಟಿದ್ರೆ ಆ ಹಕ್ಕು ಹೋಯ್ತು. ಗಾಬರಿಯಲ್ಲಿ ಬೋಲ್ಟ್ ಎಳೆದು ಸೀರೀಸ್ ಕಳಕೊಂಡ ಮಕ್ಕಳನ್ನ ನೋಡಿದಾಗ ಹೊಟ್ಟೆ ಉರಿಯುತ್ತೆ. ಮತ್ತೆ, ಒಳಗಿರೋದು ಖಾಲಿ ಕೇಸ್ ಅಂತ ಖಾತ್ರಿ ಇಲ್ಲದೆ ಮುಂದಿನಿಂದ ರಾಡ್ ಹಾಕಲೇಬಾರದು.

ಇಪ್ಪತ್ತೈದು_ಮೀಟರ್

ರಾಯರೇ, ನೀವು ಹೇಳಿದ ಹಾಗೇ ಮಾಡ್ದೆ. ಹೊಡೆಯದ ರೌಂಡ್ ಪ್ರತಿ ಸಲ ಕೊಕ್ಕೆಯಲ್ಲೇ ನೀಟಾಗಿ ಬಂತು. ಚೇಂಬರ್ ಉಜ್ಜಿದಾಗ ಬಟ್ಟೆ ಕಪ್ಪಾಗಿ ಬಂತು. ಈಗ ಡಬ್ಬಿಯ ಕೊನೇ ಹೊತ್ತಿಗೆ ಮಾತ್ರ ಸಿಕ್ಕಿಕೊಳ್ತಿದೆ, ಆದರೆ ಪೂರ್ತಿ ಹೋಗಿಲ್ಲ.

ಕೇಸುಗಳ ವಿಷಯ: ಎಲ್ಲದರ ಮೈಮೇಲೂ ಉದ್ದಕ್ಕೆ ಒಂದೇ ಒಂದು ಹೊಳೆಯುವ ಗೀರು. ಮೊದಲನೇ ಕೇಸಿನಲ್ಲೂ ಇದೆ, ಕೊನೇದರಲ್ಲೂ ಇದೆ. ಸಾಲಾಗಿ ನಿಲ್ಲಿಸಿ ತಿರುಗಿಸಿ ನೋಡಿದ್ರೆ ಗೀರು ಯಾವಾಗಲೂ ಫೈರಿಂಗ್ ಪಿನ್ ಹೊಡೆದ ಗುಳಿಯ ನೇರಕ್ಕೇ ಇದೆ. ಇದು ಕಾಕತಾಳೀಯ ಇರಲಿಕ್ಕಿಲ್ಲ ಅಲ್ವಾ?

ಟೂಲ್‌ರೂಮ್_ರಾಯರು

ಖಂಡಿತ ಕಾಕತಾಳೀಯ ಅಲ್ಲ. ಭಲೇ ತಂಗಿ, ರೋಗ ನೀವೇ ಹಿಡಿದಿದ್ದೀರಿ. ಚೇಂಬರ್ ಬಾಯಲ್ಲಿ ಬರ್ (ಲೋಹದ ಸಣ್ಣ ಉಬ್ಬು) ಎದ್ದಿದೆ.

ರಿಮ್‌ಫೈರ್‌ನಲ್ಲಿ (ನಿಮ್ಮ .22 ಅದೇ ಥರದ್ದು) ಪಿನ್ ಹೊಡೆಯೋದು ಕೇಸಿನ ಅಂಚಿಗೆ. ರೌಂಡ್ ಇಲ್ಲದೆ ಡ್ರೈ ಫೈರ್ ಮಾಡಿದ್ರೆ, ಪಿನ್ ಒಂಚೂರು ಉದ್ದ ಇದ್ದರೂ ಸಾಕು, ನೇರ ಹೋಗಿ ಬ್ಯಾರಲ್ ಅಂಚಿಗೇ ಬಡಿಯುತ್ತೆ. ಉಳಿ ಪೆಟ್ಟು ಬಿದ್ದ ಹಾಗೆ ಅಲ್ಲಿನ ಲೋಹ ಚೇಂಬರ್ ಒಳಗೆ ಉಬ್ಬುತ್ತೆ. ಎಷ್ಟೋ ಕೈ ದಾಟಿ ಬಂದ ಪಿಸ್ತೂಲ್, ಯಾವ ಕಾಲದ್ದೋ ಏನೋ. ಕಣ್ಣಿಗೆ ಕಾಣದಷ್ಟು ಸಣ್ಣದಿರುತ್ತೆ, ಉಗುರಿಗೆ ಸಿಗುತ್ತೆ. ಬ್ಯಾರಲ್ ಸ್ವಚ್ಛ ಇರುವಾಗ ಕೇಸ್ ಹೇಗೋ ಉಜ್ಜಿಕೊಂಡು ದಾಟುತ್ತೆ, ಮೇಣ ಮಸಿ ಸೇರಿದ ಮೇಲೆ ದಾಟಲ್ಲ. ನಿಮಗೆ ಮೊದಲರ್ಧ ಚೆನ್ನಾಗಿದ್ದದ್ದು ಅದಕ್ಕೇ.

ಖಾತ್ರಿ ಬೇಕಿದ್ರೆ ಒಂದು ಖಾಲಿ ಕೇಸನ್ನ ಬೆರಳಲ್ಲಿ ಚೇಂಬರ್‌ಗೆ ತಳ್ಳಿ ತಿರುಗಿಸಿ. ಪಿನ್ ಬಡಿಯೋ ಜಾಗದಲ್ಲೇ ಕಚ್ಚಿಕೊಂಡ್ರೆ ಬೇರೆ ಸಾಕ್ಷಿ ಬೇಡ.

ಯಾರೇ ಹೇಳಿದ್ರೂ ಫೈಲ್ ಹಾಕೋಕೆ ಬಿಡಬೇಡಿ. ಫೈಲ್ ಹಾಕಿದ್ರೆ ಲೋಹ ಹೋಗುತ್ತೆ, ಕೇಸಿನ ಬುಡಕ್ಕೆ ಆಸರೆ ತಪ್ಪುತ್ತೆ, ಅಲ್ಲೇ ಒಡೆದು ಗ್ಯಾಸ್ ಮುಖಕ್ಕೆ ಬರಬಹುದು. ಉಬ್ಬಿದ ಲೋಹವನ್ನ ಹಿಂದಕ್ಕೆ ಒತ್ತಿ ಕೂರಿಸಬೇಕು. ಅದಕ್ಕೆ ಚೇಂಬರ್ ಅಳತೆಯ, ಮೂತಿ ಚೂಪಾದ ಗಟ್ಟಿ ಸ್ಟೀಲಿನ ಸಲಕರಣೆ ಇದೆ, ಚೇಂಬರ್ ಐರನ್ ಅಂತಾರೆ. ಪರವಾನಗಿ ಇರೋ ಗನ್‌ಸ್ಮಿತ್ ಹತ್ತಿರ ಕ್ಲಬ್ಬಿನವರ ಮೂಲಕವೇ ಕಳಿಸಿ. ಪಿನ್ ಎಷ್ಟು ಹೊರಗೆ ಚಾಚುತ್ತೆ ಅಂತಲೂ ಅಳೆಯೋಕೆ ಹೇಳಿ. ಅದು ಬ್ಯಾರಲ್ ಮುಟ್ಟೋ ಹಾಗಿದ್ರೆ ಬರ್ ಮತ್ತೆ ಏಳುತ್ತೆ.

ಇಪ್ಪತ್ತೈದು_ಮೀಟರ್

ಪಿಸ್ತೂಲ್ ವಾಪಸ್ ಬಂತು. ಬರ್ ಇದ್ದದ್ದು ನಿಜ, ಒತ್ತಿ ಕೂರಿಸಿದ್ದಾರೆ. ಎಕ್ಸ್‌ಟ್ರಾಕ್ಟರ್ ಅದೇ ಹಳೇದು. ಇವತ್ತು ಚಳಿಯಲ್ಲೇ ಇಡೀ ಡಬ್ಬಿ ಹೊಡೆದೆ, ಒಂದೂ ಸಿಕ್ಕಿಕೊಳ್ಳಲಿಲ್ಲ. ಗೀರೂ ಇಲ್ಲ. ಪಿನ್ ಉದ್ದ ಇತ್ತಂತೆ, ಅದನ್ನೂ ಸರಿ ಮಾಡಿದ್ದಾರೆ. ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಡಿಮೆ ರಾಯರೇ. ಇನ್ನು ಡ್ರೈ ಫೈರ್ ಅಭ್ಯಾಸ ಹೇಗೆ ಮಾಡಲಿ? ಅದಿಲ್ಲದೆ ಟ್ರಿಗರ್ ಕೈಗೆ ಕೂರಲ್ಲ.

ಟೂಲ್‌ರೂಮ್_ರಾಯರು

ಬಹಳ ಸಂತೋಷ ಆಯ್ತಮ್ಮ. ಮೊದಲು ಕೈಪಿಡಿ ನೋಡಿ, ಟಾರ್ಗೆಟ್ ಪಿಸ್ತೂಲುಗಳಲ್ಲಿ ಎಷ್ಟೋ ಮಾದರಿಗೆ ಪಿನ್ ಬಡಿಯದೆ ಟ್ರಿಗರ್ ಮಾತ್ರ ಕೆಲಸ ಮಾಡೋ ವ್ಯವಸ್ಥೆ ಇರುತ್ತೆ. ನಿಮ್ಮದರಲ್ಲಿ ಇಲ್ಲದಿದ್ರೆ ಖಾಲಿ ಕೇಸ್ ಹಾಕಿ, ಪ್ರತಿ ಹೊಡೆತಕ್ಕೂ ಸ್ವಲ್ಪ ತಿರುಗಿಸಿ, ಇಲ್ಲದಿದ್ರೆ ಅದೇ ಗುಳಿಯಲ್ಲಿ ಪಿನ್ ಮತ್ತೆ ಆಳಕ್ಕೆ ಹೋಗುತ್ತೆ. ಆ ಕೇಸುಗಳ ಬುಡಕ್ಕೆ ಕೆಂಪು ನೇಲ್ ಪಾಲಿಶ್ ಹಚ್ಚಿ ಬೇರೆ ಡಬ್ಬಿಯಲ್ಲಿಡಿ. ಅಭ್ಯಾಸ ಮಾಡೋ ಜಾಗದಲ್ಲಿ ಒಂದೂ ಜೀವಂತ ರೌಂಡ್ ಇರಬಾರದು. ಕ್ಲಬ್ಬಿನ ರಿಜಿಸ್ಟರ್‌ನಲ್ಲಿ ಈ ರಿಪೇರಿ ಬರೆಸಿ, ಮುಂದೆ ಈ ಪಿಸ್ತೂಲ್ ತಗೊಳ್ಳೋರಿಗೆ ಬೇಕಾಗುತ್ತೆ.